ತುರ್ತು ಚಿಕಿತ್ಸೆಯಲ್ಲಿ ಗೋಪ್ಯತೆ ಮತ್ತು ಬಹಿರಂಗತೆ: ಒಂದು ಐತಿಹಾಸಿಕ ವಿವೇಚನೆ

೧

ವೈದ್ಯನಲ್ಲಿಯೂ ವಕೀಲನಲ್ಲಿಯೂ ಏನನ್ನೂ ಮುಚ್ಚಿಡಬಾರದೆಂಬುದು ನಮ್ಮ ಜನರಲ್ಲಿ ರೂಢಿಯಾಗಿರುವ ಮಾತು. ಈ ಮಾತಿನ ಹಿಂದೆ ಒಂದು ಒಪ್ಪಂದವಿದೆ. ರೋಗಿಯು ತನ್ನ ದೇಹದ, ಮನೆಯ, ನಡತೆಯ ಸಂಗತಿಗಳನ್ನು ವೈದ್ಯನ ಮುಂದೆ ಬಿಚ್ಚಿಡುತ್ತಾನೆ. ವೈದ್ಯನು ಅವನ್ನು ಮೂರನೆಯವರ ಕಿವಿಗೆ ಹಾಕುವುದಿಲ್ಲ. ಈ ಭರವಸೆ ಇಲ್ಲದಿದ್ದರೆ ರೋಗಿ ಬಾಯಿ ಬಿಡಲಾರ. ರೋಗಿ ಬಾಯಿ ಬಿಡದಿದ್ದರೆ ಚಿಕಿತ್ಸೆ ನಡೆಯಲಾರದು. ಇನ್ನೊಂದು ಕಡೆ, ಆಸ್ಪತ್ರೆಯೆಂಬುದು ಸಮಾಜದ ಹಣದಿಂದಲೋ ಸಮಾಜದ ವಿಶ್ವಾಸದಿಂದಲೋ ನಡೆಯುವ ಸಂಸ್ಥೆ. ಅದರ ಬಾಗಿಲಿಗೆ ಬಂದ ಜೀವ ಉಳಿಯಿತೇ, ಉಳಿಯದಿದ್ದರೆ ಏಕೆ ಉಳಿಯಲಿಲ್ಲ ಎಂದು ಕೇಳುವ ಅಧಿಕಾರ ಸಮಾಜಕ್ಕೆ ಉಂಟು.

ಈ ಎರಡನ್ನೂ ಸಾಮಾನ್ಯವಾಗಿ ತಕ್ಕಡಿಯ ಎರಡು ತಟ್ಟೆಗಳಿಗೆ ಹೋಲಿಸುತ್ತಾರೆ. ಗೋಪ್ಯತೆ ಹೆಚ್ಚಿದಷ್ಟೂ ಬಹಿರಂಗತೆ ತಗ್ಗುತ್ತದೆ, ಬಹಿರಂಗತೆ ಹೆಚ್ಚಿದಷ್ಟೂ ಗೋಪ್ಯತೆ ತಗ್ಗುತ್ತದೆ, ಆದುದರಿಂದ ಎರಡರ ನಡುವೆ ಒಂದು ಹದವಾದ ಬಿಂದುವನ್ನು ಹುಡುಕಬೇಕು ಎಂಬುದು ಈ ಹೋಲಿಕೆಯ ತಾತ್ಪರ್ಯ. ಕಳೆದ ಸುಮಾರು ನೂರಮೂವತ್ತು ವರ್ಷಗಳಲ್ಲಿ ನಮ್ಮ ದೇಶ ಕಂಡ ಕೆಲವು ಮಹಾವಿಪತ್ತುಗಳ ಇತಿಹಾಸವನ್ನು ಪರಿಶೀಲಿಸಿದರೆ ಈ ಹೋಲಿಕೆ ಸಾಲದೆಂದು ನಮಗೆ ತೋರುತ್ತದೆ. ಗೋಪ್ಯತೆಗೆ ಹಕ್ಕುದಾರನಾದವನು ವ್ಯಕ್ತಿ. ಬಹಿರಂಗತೆಗೆ ಬಾಧ್ಯವಾದುದು ಸಂಸ್ಥೆ. ಸಂಕಟದ ಕಾಲದಲ್ಲಿ ಆಳುವವರು ಅನೇಕ ಸಲ ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ: ವ್ಯಕ್ತಿಯನ್ನು ಬೀದಿಗೆ ತಂದು, ಸಂಸ್ಥೆಯನ್ನು ತೆರೆಯ ಹಿಂದೆ ಇಟ್ಟಿದ್ದಾರೆ. ಇದನ್ನು ನಿದರ್ಶನಗಳಿಂದ ವಿವರಿಸುವುದು ಈ ಲೇಖನದ ಉದ್ದೇಶ.

೨

ವೈದ್ಯನ ಮೌನವ್ರತ ಪುರಾತನವಾದುದು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ಶಿಷ್ಯನಿಗೆ ಮಾಡುವ ಉಪದೇಶವೊಂದಿದೆ. ವೈದ್ಯನು ರೋಗಿಯ ಮನೆಯನ್ನು ಆ ಮನೆಯವರ ಅನುಮತಿಯಿಂದ, ಪರಿಚಿತನೊಬ್ಬನೊಡನೆ ಪ್ರವೇಶಿಸಬೇಕು. ಒಳಹೊಕ್ಕ ಮೇಲೆ ಮಾತು, ಮನಸ್ಸು, ಇಂದ್ರಿಯಗಳನ್ನು ರೋಗಿಯ ಹಿತದಲ್ಲಲ್ಲದೆ ಬೇರೆಡೆ ಹರಿಯಗೊಡಬಾರದು. ಆ ಮನೆಯ ಸಮಾಚಾರವನ್ನು ಹೊರಗೆ ಒಯ್ಯಬಾರದು ಎಂಬುದು ಅದರ ಸಾರಾಂಶ. ಗ್ರೀಸಿನ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರತಿಜ್ಞೆಯಲ್ಲಿಯೂ, ಚಿಕಿತ್ಸೆಯ ಸಂದರ್ಭದಲ್ಲಿ ಕಂಡು ಕೇಳಿದ ಸಂಗತಿಗಳಲ್ಲಿ ಹೊರಗೆ ಆಡಬಾರದಂಥವನ್ನು ಮೌನದಲ್ಲಿ ಕಾಪಾಡುವ ಮಾತು ಬರುತ್ತದೆ. ಇಂಡಿಯಾದ ವೈದ್ಯರಿಗೆ ವಿಧಿಸಲಾದ ೨೦೦೨ರ ವೃತ್ತಿನಿಯಮಾವಳಿಯೂ ಇದೇ ಪರಂಪರೆಗೆ ಸೇರಿದುದು. ನ್ಯಾಯಾಧೀಶರ ಆಜ್ಞೆಯಾದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರವಾದ ಅಪಾಯವಿದ್ದಾಗ, ಮತ್ತು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ವಿಷಯದಲ್ಲಿ ಮಾತ್ರ ರೋಗಿಯ ಗುಟ್ಟನ್ನು ತಿಳಿಸಬಹುದೆಂದು ಅದು ಹೇಳುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಹಳೆಯ ಹೊಸ ಉಪದೇಶಗಳೆಲ್ಲ ರೋಗಿಯ ಸಂಗತಿಯನ್ನು ಕುರಿತವು. ವೈದ್ಯನು ತನ್ನ ತಪ್ಪನ್ನು ಮುಚ್ಚಿಡಬಹುದೆಂದಾಗಲಿ, ಔಷಧಶಾಲೆಯ ಕೊರತೆಯನ್ನು ಮರೆಮಾಚಬಹುದೆಂದಾಗಲಿ ಇವುಗಳಿಂದ ಅರ್ಥ ಹೊರಡುವುದಿಲ್ಲ. ಗೋಪ್ಯತೆ ರೋಗಿಯ ಸೊತ್ತು. ವೈದ್ಯನು ಅದರ ಕಾವಲುಗಾರ ಮಾತ್ರ. ಕಾವಲುಗಾರನು ಅದನ್ನು ತನ್ನ ರಕ್ಷಣೆಗೆ ಬಳಸಿಕೊಂಡರೆ ಬೇಲಿಯೇ ಎದ್ದು ಹೊಲ ಮೇದಂತಾಗುತ್ತದೆ.

೩

ಸಾಮಾನ್ಯ ಚಿಕಿತ್ಸೆಗೂ ತುರ್ತು ಚಿಕಿತ್ಸೆಗೂ ಈ ವಿಷಯದಲ್ಲಿ ಇರುವ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ನಿತ್ಯದ ಚಿಕಿತ್ಸೆಯಲ್ಲಿ ರೋಗಿ ತಾನಾಗಿ ಬರುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಒಪ್ಪಿಗೆ ನೀಡುತ್ತಾನೆ. ಅಪಘಾತ ವಿಭಾಗದಲ್ಲಿ ಈ ಮೂರೂ ಇರುವುದಿಲ್ಲ. ರೋಗಿಯು ಪ್ರಜ್ಞೆ ತಪ್ಪಿರಬಹುದು. ಅವನನ್ನು ಹೊತ್ತು ತಂದವರು ದಾರಿಹೋಕರಾಗಿರಬಹುದು. ಅವನ ಹೆಸರನ್ನು ತಿಳಿಯಲು ಜೇಬಿನಲ್ಲಿ ಕೈ ಹಾಕಬೇಕಾಗಬಹುದು. ಒಂದೇ ಹಜಾರದಲ್ಲಿ ಹತ್ತು ಜನ ನರಳುತ್ತಿರುವಾಗ ಒಬ್ಬನ ಕಥೆ ಇನ್ನೊಬ್ಬನ ಬಂಧುಗಳ ಕಿವಿಗೆ ಬೀಳದಿರಲಾರದು. ಪೊಲೀಸರು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಈಚಿನ ದಿನಗಳಲ್ಲಿ ಕೈಯಲ್ಲಿ ಮೊಬೈಲು ಹಿಡಿದ ಪ್ರತಿಯೊಬ್ಬನೂ ಚಿತ್ರ ತೆಗೆಯುತ್ತಾನೆ.

ಆದುದರಿಂದ ತುರ್ತಿನಲ್ಲಿ ಗೋಪ್ಯತೆಯ ಕಟ್ಟು ಸ್ವಲ್ಪ ಸಡಿಲವಾಗುವುದು ಅನಿವಾರ್ಯ. ರೋಗಿಯ ಒಪ್ಪಿಗೆಯಿದೆಯೆಂದು ಭಾವಿಸಿಕೊಂಡು ವೈದ್ಯರು ಮುಂದುವರಿಯುತ್ತಾರೆ. ಆಂಬ್ಯುಲೆನ್ಸಿನವರಿಂದ ದಾದಿಯರಿಗೆ, ದಾದಿಯರಿಂದ ವೈದ್ಯರಿಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಂಗತಿಗಳು ಸಾಗುತ್ತವೆ. ಈ ಸಡಿಲಿಕೆಗೆ ಇರುವ ಸಮರ್ಥನೆ ಒಂದೇ, ಜೀವ ಉಳಿಸುವ ಅಗತ್ಯ. ಆ ಅಗತ್ಯ ಎಲ್ಲಿಯವರೆಗೆ ಚಾಚುತ್ತದೆಯೋ ಅಲ್ಲಿಯವರೆಗೆ ಮಾತ್ರ ಸಡಿಲಿಕೆಯೂ ಚಾಚಬೇಕು. ರಕ್ತದ ಗುಂಪು ಶಸ್ತ್ರವೈದ್ಯನಿಗೆ ತಿಳಿಯಬೇಕು, ನೆರೆಮನೆಯವನಿಗಲ್ಲ. ಈ ಸರಳವಾದ ಮಿತಿಯನ್ನು ಮೀರಿದಾಗ ಏನಾಗುತ್ತದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗುಮಾರಿ ದೊಡ್ಡ ನಿದರ್ಶನ.

೪

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಅಕ್ಟೋಬರಿನಲ್ಲಿ ನಗರಸಭೆಯ ಆಡಳಿತವು ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಕೈಗೆತ್ತಿಕೊಂಡಿತು. ಅದೇ ತಿಂಗಳ ೨೯ರಂದು ಗಿರಣಿ ಕಾರ್ಮಿಕರ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಆಸ್ಪತ್ರೆಗೆ ಹೋದವರು ಮರಳಿ ಬರುವುದಿಲ್ಲ, ಅಲ್ಲಿ ಅವರ ದೇಹದಿಂದ ಔಷಧಕ್ಕಾಗಿ ಎಣ್ಣೆ ತೆಗೆಯುತ್ತಾರೆ ಎಂಬ ವದಂತಿಗಳು ಊರಲ್ಲೆಲ್ಲ ಹಬ್ಬಿದ್ದವು. ಈ ವದಂತಿಗಳನ್ನು ಜನರ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಒಳಗೆ ಏನು ನಡೆಯುತ್ತದೆಂಬುದನ್ನು ನೋಡಲು ಬಂಧುಗಳಿಗೆ ಅವಕಾಶವಿಲ್ಲದ ಕಡೆ ಕಲ್ಪನೆಯೇ ವಾರ್ತೆಯಾಗುತ್ತದೆಂಬುದನ್ನು ಮರೆಯಲಾಗದು.

೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ನಾಲ್ಕೇ ವಿಧಿಗಳ ಈ ಪುಟ್ಟ ಕಾಯಿದೆಯ ರಚನೆ ನಮ್ಮ ವಿಷಯಕ್ಕೆ ಬಹಳ ಬೋಧಪ್ರದವಾಗಿದೆ. ಅದರ ಎರಡನೆಯ ವಿಧಿಯು ಸರ್ಕಾರಕ್ಕೆ ಪ್ರಯಾಣಿಕರನ್ನು ಪರೀಕ್ಷಿಸುವ, ರೋಗದ ಸಂಶಯವುಳ್ಳವರನ್ನು ಪ್ರತ್ಯೇಕಿಸುವ ಹಾಗೂ ಅಗತ್ಯವೆಂದು ತೋರಿದ ಇತರ ಕ್ರಮಗಳನ್ನು ಕೈಗೊಳ್ಳುವ ಅಧಿಕಾರವನ್ನು ಕೊಟ್ಟಿತು. ನಾಲ್ಕನೆಯ ವಿಧಿಯು, ಈ ಕಾಯಿದೆಯ ಮೇರೆಗೆ ಸದುದ್ದೇಶದಿಂದ ಮಾಡಿದ ಯಾವ ಕಾರ್ಯಕ್ಕಾಗಿಯೂ ಯಾರ ಮೇಲೂ ದಾವೆ ಹೂಡುವಂತಿಲ್ಲವೆಂದು ಸಾರಿತು. ಪ್ರಜೆಯ ಮನೆಯ ಬಾಗಿಲನ್ನು ತೆರೆಸಿದ ಕಾಯಿದೆಯೇ ಅಧಿಕಾರಿಯ ಬಾಗಿಲನ್ನು ಭದ್ರಪಡಿಸಿತು. ಈ ಕಾಯಿದೆ ಸ್ವತಂತ್ರ ಭಾರತದಲ್ಲಿಯೂ ಉಳಿದು ಬಂದು, ೨೦೨೦ರಲ್ಲಿ ಮತ್ತೆ ಬಳಕೆಗೆ ಬಂದಿತು.

ಪುಣೆಯಲ್ಲಿ ಇದರ ಫಲ ಕಠೋರವಾಗಿ ಕಂಡುಬಂದಿತು. ಡಬ್ಲ್ಯು. ಸಿ. ರ್‍ಯಾಂಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು. ಹೆಂಗಸರ ಪರೀಕ್ಷೆ, ದೇವರ ಮನೆಯ ಪ್ರವೇಶ, ಸಾಮಾನುಗಳ ಸುಡುವಿಕೆ ಮೊದಲಾದವುಗಳಿಂದ ಜನ ಕ್ಷೋಭೆಗೊಂಡರು. ೧೮೯೭ರ ಜೂನ್ ೨೨ರ ರಾತ್ರಿ ರ್‍ಯಾಂಡನ ಮೇಲೆ ಗುಂಡು ಹಾರಿತು. ಮುಂದಿನ ತಿಂಗಳು ಆತ ಮರಣ ಹೊಂದಿದ. ಇದು ಪ್ರಸಿದ್ಧವಾದ ಕಥೆ. ಅದರ ಮಗ್ಗುಲಲ್ಲಿಯೇ ನಡೆದ ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು.

ಗೋಪಾಲಕೃಷ್ಣ ಗೋಖಲೆಯವರು ಆಗ ಇಂಗ್ಲೆಂಡಿನಲ್ಲಿದ್ದರು. ಪುಣೆಯ ಮಿತ್ರರಿಂದ ಬಂದ ಪತ್ರಗಳ ಆಧಾರದ ಮೇಲೆ ಅವರು ಸೈನಿಕರಿಂದ ಸ್ತ್ರೀಯರ ಮೇಲೆ ಅತ್ಯಾಚಾರ ನಡೆದಿದೆಯೆಂಬ ಆರೋಪವನ್ನು ಅಲ್ಲಿ ಪ್ರಕಟಪಡಿಸಿದರು. ಸರ್ಕಾರವು ಅದನ್ನು ಅಲ್ಲಗಳೆದು ಪುರಾವೆ ಕೇಳಿತು. ಸ್ವದೇಶಕ್ಕೆ ಮರಳಿದ ಗೋಖಲೆಯವರಿಗೆ ಪುರಾವೆ ದೊರೆಯಲಿಲ್ಲ; ತಮಗೆ ಬರೆದವರ ಹೆಸರುಗಳನ್ನು ಅವರು ಹೊರಗೆಡಹಲಿಲ್ಲ. ಕೊನೆಗೆ ೧೮೯೭ರ ಆಗಸ್ಟಿನಲ್ಲಿ ಅವರು ನಿಶ್ಶರ್ತವಾಗಿ ಕ್ಷಮೆ ಕೇಳಿದರು. ಆರೋಪದ ಸತ್ಯಾಸತ್ಯತೆಯ ನಿರ್ಣಯಕ್ಕೆ ನಾವು ಇಲ್ಲಿ ತೊಡಗುವುದಿಲ್ಲ. ಆದರೆ ಪರಿಸ್ಥಿತಿಯ ಸ್ವರೂಪವನ್ನು ಗಮನಿಸಬೇಕು. ಯಾವ ಮನೆಗೆ ಯಾವ ತಂಡ ಯಾವ ಹೊತ್ತಿನಲ್ಲಿ ಹೋಯಿತು, ಅಲ್ಲಿ ಏನು ನಡೆಯಿತು ಎಂಬುದಕ್ಕೆ ಸ್ವತಂತ್ರರಾದವರು ಪರಿಶೀಲಿಸಬಹುದಾದ ದಾಖಲೆ ಇದ್ದಿದ್ದರೆ ವಿಚಾರಣೆಗೆ ಅದೇ ಆಧಾರವಾಗುತ್ತಿದ್ದಿತು. ಅಂಥದು ಇಲ್ಲದುದರಿಂದ, ನೊಂದ ಹೆಂಗಸು ತನ್ನ ಹೆಸರನ್ನು ಬೀದಿಗೆ ಹಾಕಬೇಕು, ಇಲ್ಲವೇ ಆಡಳಿತವು ನಿರ್ದೋಷಿಯೆನಿಸಬೇಕು ಎಂಬ ಎರಡೇ ದಾರಿ ಉಳಿಯಿತು. ಸಂಸ್ಥೆ ತೆರೆದುಕೊಳ್ಳದಿದ್ದಾಗ ತೆರೆದುಕೊಳ್ಳುವ ಭಾರವೆಲ್ಲ ವ್ಯಕ್ತಿಯ ಮೇಲೆ ಬೀಳುತ್ತದೆ.

ಪ್ಲೇಗು ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯನ್ನು ಅದು ತಲ್ಲಣಗೊಳಿಸಿತು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರನ್ನಾಗಿ ನೇಮಿಸಿತು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ದೊಂಬಿ ನಡೆಯಿತು. ಮುಂಬಯಿಯಲ್ಲಿಯೂ ೧೮೯೮ರ ಮಾರ್ಚಿನಲ್ಲಿ ಹುಡುಗಿಯೊಬ್ಬಳ ಪರೀಕ್ಷೆಯ ಕಾರಣದಿಂದ ಗಲಭೆಯೆದ್ದಿತು. ಅನಂತರ ಆಡಳಿತವು ಬಲವಂತವನ್ನು ತಗ್ಗಿಸಿ, ಆಯಾ ಜಾತಿ ಮತಗಳವರು ತಮ್ಮವೇ ಆದ ಆಸ್ಪತ್ರೆಗಳನ್ನು ನಡೆಸಲು ಅವಕಾಶ ಕೊಟ್ಟು, ಬಂಧುಗಳು ರೋಗಿಯ ಬಳಿಯಲ್ಲಿರಲು ಸಮ್ಮತಿಸುವ ಕಡೆಗೆ ಸರಿಯಿತು. ಬಲವಂತ ಇದ್ದಾಗ ಜನ ರೋಗಿಗಳನ್ನು ಅಟ್ಟದ ಮೇಲೆ ಅಡಗಿಸಿದರು, ಶವಗಳನ್ನು ಗುಟ್ಟಾಗಿ ಸಾಗಿಸಿದರು, ಊರು ಬಿಟ್ಟು ಓಡಿದರು. ಗೋಪ್ಯತೆಯನ್ನು ಮುರಿದು ರೋಗದ ಸುದ್ದಿಯನ್ನು ಪಡೆಯಹೊರಟ ಸರ್ಕಾರಕ್ಕೆ ಆ ಸುದ್ದಿಯೇ ದೊರೆಯದೆ ಹೋಯಿತು.

೫

ಪ್ಲೇಗಿನ ಕಾಲದಲ್ಲಿ ವ್ಯಕ್ತಿಯ ಗುಟ್ಟು ಬಯಲಾದುದರಿಂದ ಹಾನಿಯಾಯಿತು. ಸಂಸ್ಥೆಯ ಗುಟ್ಟು ಬಯಲಾಗದಿದ್ದುದರಿಂದ ಆದ ಹಾನಿಗೆ ಭೋಪಾಲವೇ ಸಾಕ್ಷಿ.

೧೯೮೪ರ ಡಿಸೆಂಬರ್ ೨ ಮತ್ತು ೩ರ ನಡುವಣ ರಾತ್ರಿ ಯೂನಿಯನ್ ಕಾರ್ಬೈಡ್ ಕಂಪೆನಿಯ ಕೀಟನಾಶಕ ಕಾರ್ಖಾನೆಯಿಂದ ಸುಮಾರು ೪೦ ಟನ್ನುಗಳಷ್ಟು ಮೀಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಹೊರಬಿದ್ದಿತು. ಊರಿನ ಹಮೀದಿಯಾ ಆಸ್ಪತ್ರೆಗೆ ಸಾವಿರಾರು ಜನ ಉಸಿರುಗಟ್ಟಿ, ಕಣ್ಣುರಿದು ಬಂದು ಬಿದ್ದರು. ಯಾವ ಅನಿಲ, ಅದು ದೇಹದಲ್ಲಿ ಏನು ಮಾಡುತ್ತದೆ, ಅದಕ್ಕೆ ಪ್ರತಿವಿಷವೇನು ಎಂಬುದಾವುದೂ ಅಲ್ಲಿನ ವೈದ್ಯರಿಗೆ ತಿಳಿದಿರಲಿಲ್ಲ. ಕಾರ್ಖಾನೆಯಲ್ಲಿ ಏನನ್ನು ಎಷ್ಟು ಶೇಖರಿಸಿದ್ದಾರೆಂಬುದು ಊರಿನ ಆಸ್ಪತ್ರೆಗೆ ಮೊದಲೇ ತಿಳಿದಿರಬೇಕಾದ ಸಂಗತಿ. ಸಯನೈಡ್ ವಿಷಕ್ಕೆ ಕೊಡುವ ಸೋಡಿಯಂ ಥಯೊಸಲ್ಫೇಟನ್ನು ಇಲ್ಲಿ ಕೊಡಬೇಕೇ ಬೇಡವೇ ಎಂಬ ವಿವಾದ ತಿಂಗಳುಗಟ್ಟಲೆ ನಡೆಯಿತು. ಈ ದುರಂತದ ತರುವಾಯ ೧೯೮೭ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯಕರ ಕಾರ್ಖಾನೆಯ ಒಡೆಯನು ಅಲ್ಲಿನ ಅಪಾಯಗಳನ್ನೂ ಅವನ್ನು ತಡೆಯುವ ಕ್ರಮಗಳನ್ನೂ ಕೆಲಸಗಾರರಿಗೆ, ಸ್ಥಳೀಯ ಸಂಸ್ಥೆಗೆ ಮತ್ತು ನೆರೆಹೊರೆಯ ಜನರಿಗೆ ತಿಳಿಸತಕ್ಕದ್ದೆಂಬ ವಿಧಿ ಸೇರಿತು. ಇದು ತುರ್ತು ಚಿಕಿತ್ಸೆಗೆ ಬೇಕಾದ ಬಹಿರಂಗತೆ: ರೋಗಿ ಬರುವುದಕ್ಕೆ ಮೊದಲೇ ಇರಬೇಕಾದ ಬಹಿರಂಗತೆ.

ಭೋಪಾಲದ ಇನ್ನೊಂದು ಪಾಠ ದಾಖಲೆಗಳನ್ನು ಕುರಿತದ್ದು. ಪರಿಹಾರ ಪಡೆಯಬೇಕಾದರೆ ತಾನು ಅನಿಲದಿಂದ ಪೀಡಿತನೆಂದು ರೋಗಿಯು ತೋರಿಸಬೇಕಾಗಿತ್ತು. ಮುಂದಿನ ಚಿಕಿತ್ಸೆಗೂ ಹಿಂದಿನ ಚಿಕಿತ್ಸೆಯ ವಿವರ ಬೇಕಾಗಿತ್ತು. ಆದರೆ ಆ ವಿವರ ಇದ್ದದ್ದು ಆಸ್ಪತ್ರೆಗಳಲ್ಲಿಯೇ ಹೊರತು ರೋಗಿಯ ಕೈಯಲ್ಲಲ್ಲ. ಇಪ್ಪತ್ತೇಳು ವರ್ಷಗಳ ಮೇಲೆ, ೨೦೧೨ರ ಆಗಸ್ಟಿನಲ್ಲಿ, ಪೀಡಿತರ ದಾಖಲೆಗಳನ್ನೆಲ್ಲ ಗಣಕಯಂತ್ರಕ್ಕೆ ಅಳವಡಿಸಿ ಪ್ರತಿಯೊಬ್ಬರಿಗೂ ಆರೋಗ್ಯ ಪುಸ್ತಿಕೆಯನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಬೇಕಾಯಿತು. ರೋಗಿಯ ಗುಟ್ಟನ್ನು ರೋಗಿಯಿಂದಲೇ ಬಚ್ಚಿಡುವುದು ಗೋಪ್ಯತೆಯ ವಿಪರ್ಯಾಸ. ೨೦೦೨ರ ನಿಯಮಾವಳಿಯಂತೆ ರೋಗಿ ಅಥವಾ ಅವನ ಪರವಾದವರು ಕೇಳಿದಲ್ಲಿ ೭೨ ಗಂಟೆಗಳೊಳಗಾಗಿ ದಾಖಲೆಗಳನ್ನು ಕೊಡತಕ್ಕದ್ದಾಗಿದೆ.

೬

ಮಹಾವಿಪತ್ತುಗಳನ್ನು ಬಿಟ್ಟು ದಿನನಿತ್ಯದ ಅಪಘಾತಗಳ ಕಡೆಗೆ ತಿರುಗೋಣ. ದೆಹಲಿಯಲ್ಲಿ ಸ್ಕೂಟರ್ ಸವಾರನೊಬ್ಬನಿಗೆ ಕಾರು ಬಡಿಯಿತು. ಅವನನ್ನು ಕರೆದೊಯ್ದ ಆಸ್ಪತ್ರೆಯವರು, ಪೊಲೀಸು ಮೊಕದ್ದಮೆಗೆ ಸಂಬಂಧಿಸಿದ ಇಂಥ ಪ್ರಕರಣಗಳನ್ನು ನೋಡಲು ತಮಗೆ ಅಧಿಕಾರವಿಲ್ಲವೆಂದು ಹೇಳಿ, ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಬೇರೊಂದು ಆಸ್ಪತ್ರೆಗೆ ಹೋಗಲು ತಿಳಿಸಿದರು. ದಾರಿಯಲ್ಲಿಯೇ ಅವನ ಪ್ರಾಣ ಹೋಯಿತು. ಈ ಸಂಗತಿ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಅದರ ಆಧಾರದ ಮೇಲೆ ಪರಮಾನಂದ ಕಟಾರ ಎಂಬವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೮೯ರಲ್ಲಿ ನ್ಯಾಯಾಲಯವು, ಜೀವ ಉಳಿಸುವುದು ಮೊದಲು, ಕಾನೂನಿನ ವಿಧಿವಿಧಾನ ಆಮೇಲೆ ಎಂದು ತೀರ್ಪಿತ್ತಿತು. ತೀರ್ಪಿನ ಸಾರವನ್ನು ಆಕಾಶವಾಣಿ, ದೂರದರ್ಶನ, ಪತ್ರಿಕೆಗಳ ಮೂಲಕ ಜನರಿಗೆ ತಿಳಿಸಬೇಕೆಂದೂ ಹೇಳಿತು. ಸತ್ತವನ ರೋಗವನ್ನಾಗಲಿ ಕುಲಗೋತ್ರವನ್ನಾಗಲಿ ಬಹಿರಂಗಪಡಿಸುವ ಅಗತ್ಯ ಇಲ್ಲಿ ಬೀಳಲಿಲ್ಲ. ಆಸ್ಪತ್ರೆಯ ನಡವಳಿಕೆ ಬಹಿರಂಗವಾದುದೇ ಸಾಕಾಯಿತು.

ಗಾಯಾಳುವನ್ನು ಎತ್ತಿ ತರುವ ದಾರಿಹೋಕನ ವಿಷಯದಲ್ಲಿಯೂ ಹೀಗೆಯೇ. ತನ್ನ ಹೆಸರು, ವಿಳಾಸ ಬರೆಸಿಕೊಂಡು ಠಾಣೆಗೂ ನ್ಯಾಯಾಲಯಕ್ಕೂ ಅಲೆದಾಡಿಸುತ್ತಾರೆಂಬ ಭಯದಿಂದ ಜನ ರಸ್ತೆಯಲ್ಲಿ ಬಿದ್ದವನನ್ನು ಮುಟ್ಟಲು ಹಿಂಜರಿಯುತ್ತಿದ್ದರು. ಕೇಂದ್ರ ಸರ್ಕಾರ ೨೦೧೫ರಲ್ಲಿ ಹೊರಡಿಸಿದ ಸೂಚನೆಗಳಿಗೆ ೨೦೧೬ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನಿನ ಬಲವನ್ನು ಕೊಟ್ಟಿತು; ೨೦೧೯ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಇದಕ್ಕಾಗಿ ಹೊಸ ವಿಧಿಯೊಂದು ಸೇರಿತು. ಕರ್ನಾಟಕವು ೨೦೧೬ರಲ್ಲಿಯೇ ಇಂಥ ಪರೋಪಕಾರಿಗಳ ಮತ್ತು ವೈದ್ಯರ ರಕ್ಷಣೆಗಾಗಿ ತನ್ನದೇ ಆದ ಶಾಸನವನ್ನು ರೂಪಿಸಿತು. ಸಹಾಯಕನು ಹೆಸರು ಹೇಳುವುದು ಅವನ ಇಚ್ಛೆ. ಆಸ್ಪತ್ರೆಯು ಅವನನ್ನು ತಡೆಯುವಂತಿಲ್ಲ, ಹಣ ಕೇಳುವಂತಿಲ್ಲ. ಮತ್ತು ಈ ನಿಯಮವನ್ನು ಸ್ಥಳೀಯ ಭಾಷೆಯಲ್ಲಿಯೂ ಬರೆದು ಆಸ್ಪತ್ರೆಯ ಬಾಗಿಲಲ್ಲಿ ತೂಗಹಾಕಬೇಕು. ವ್ಯಕ್ತಿಯ ಹೆಸರಿಗೆ ಮುಸುಕು, ಸಂಸ್ಥೆಯ ಕರ್ತವ್ಯಕ್ಕೆ ಫಲಕ. ನಾವು ಪ್ರತಿಪಾದಿಸುತ್ತಿರುವ ತತ್ತ್ವ ಈ ಒಂದೇ ನಿಯಮದಲ್ಲಿ ಅಡಕವಾಗಿದೆ.

ಅತ್ಯಾಚಾರಕ್ಕೆ ಒಳಗಾದವರ ಚಿಕಿತ್ಸೆಯ ನಿಯಮವೂ ಇದೇ ವಿವೇಕವನ್ನು ತೋರುತ್ತದೆ. ಸರ್ಕಾರದ್ದಾಗಲಿ ಖಾಸಗಿಯವರದಾಗಲಿ ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸಬೇಕು. ಆದರೆ ಅವರ ಗುರುತನ್ನು ಪ್ರಕಟಿಸುವುದು ಅಪರಾಧ. ತಿಳಿಯಬೇಕಾದವರಿಗೆ ತಿಳಿಸುವುದಕ್ಕೂ ಊರಿಗೆಲ್ಲ ಸಾರುವುದಕ್ಕೂ ಇರುವ ಅಂತರವನ್ನು ಕಾನೂನು ಇಲ್ಲಿ ಗುರುತಿಸಿದೆ.

೭

೨೦೨೦ರಲ್ಲಿ ಕೋವಿಡ್ ವ್ಯಾಧಿ ಬಂದಾಗ ಈ ವಿವೇಕ ಪುನಃ ಪರೀಕ್ಷೆಗೆ ಒಳಗಾಯಿತು. ಆ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ವಿದೇಶದಿಂದ ಬಂದು ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಗಳನ್ನು ಪ್ರಕಟಿಸಿತು. ಅವರ ಕೈಗಳ ಮೇಲೆ ಮುದ್ರೆ ಒತ್ತಲಾಯಿತು. ಉದ್ದೇಶ ರೋಗದ ತಡೆಯೇ ಆಗಿದ್ದಿತು. ಆದರೆ ಪಟ್ಟಿಯಲ್ಲಿದ್ದವರಲ್ಲಿ ಬಹುಮಂದಿ ರೋಗಿಗಳೇ ಅಲ್ಲ. ದೇಶದ ಅನೇಕ ಕಡೆ ರೋಗಿಗಳ ಮನೆಯ ಬಾಗಿಲಿಗೆ ಭಿತ್ತಿಪತ್ರ ಅಂಟಿಸುವ ಪದ್ಧತಿಯೂ ಬಂದಿತು. ೨೦೨೦ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆಜ್ಞೆಯಿಲ್ಲದೆ ಹೀಗೆ ಅಂಟಿಸುವ ಅಗತ್ಯವಿಲ್ಲವೆಂದು ತಿಳಿಸಿತು. ಪ್ಲೇಗಿನ ಕಾಲದ ಅಟ್ಟ ಮತ್ತೆ ನೆನಪಿಗೆ ಬರುತ್ತದೆ: ಬಾಗಿಲಿಗೆ ಚೀಟಿ ಬೀಳುವುದೆಂದರೆ ಜನ ಪರೀಕ್ಷೆಗೇ ಬರಲು ಅಂಜುತ್ತಾರೆ.

ಇದಕ್ಕೆ ಇದಿರಾಗಿ, ೨೦೨೧ರ ಮೇ ೨ ಮತ್ತು ೩ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ನಡೆದುದನ್ನು ನೋಡಬೇಕು. ಅಲ್ಲಿ ಒಂದು ದಿನದ ಅವಧಿಯಲ್ಲಿ ೨೪ ಮಂದಿ ರೋಗಿಗಳು ಮೃತಪಟ್ಟರು. ಆಮ್ಲಜನಕದ ಕೊರತೆಯಿಂದ ಸತ್ತವರು ಎಷ್ಟು ಮಂದಿ ಎಂಬ ವಿಷಯದಲ್ಲಿ ಅಧಿಕಾರಿಗಳ ಹೇಳಿಕೆಗೂ ಬಂಧುಗಳ ಹೇಳಿಕೆಗೂ ಹೊಂದಿಕೆಯಾಗಲಿಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಗಿದ್ದುದನ್ನು ಆ ಸಮಿತಿ ಎತ್ತಿ ತೋರಿಸಿತು. ಇಂಥ ವಿಚಾರಣೆಗೆ ಬೇಕಾದುವು ಯಾವುವು? ಸಿಲಿಂಡರುಗಳು ಎಷ್ಟು ಗಂಟೆಗೆ ಎಷ್ಟು ಬಂದವು, ಎಷ್ಟು ಗಂಟೆಗೆ ಮುಗಿದವು, ಕರ್ತವ್ಯದಲ್ಲಿದ್ದವರು ಯಾರು, ಯಾರಿಗೆ ಯಾವಾಗ ಸುದ್ದಿ ಮುಟ್ಟಿಸಿದರು ಎಂಬ ಲೆಕ್ಕ. ಇವುಗಳಲ್ಲಿ ಯಾವುದೂ ರೋಗಿಯ ಗುಟ್ಟಲ್ಲ. ಇವನ್ನು ಪ್ರಕಟಿಸಿದರೆ ಯಾವ ಮನೆತನದ ಮಾನಕ್ಕೂ ಕುಂದು ಬಾರದು. ಒಂದೇ ನಾಡಿನಲ್ಲಿ, ಹದಿನಾಲ್ಕು ತಿಂಗಳುಗಳ ಅಂತರದಲ್ಲಿ, ಆರೋಗ್ಯವಂತರ ವಿಳಾಸ ಕೇಳದೆಯೇ ಬಯಲಾಯಿತು. ಆಸ್ಪತ್ರೆಯ ಆಮ್ಲಜನಕದ ಲೆಕ್ಕವನ್ನು ತಿಳಿಯಲು ಉಚ್ಚ ನ್ಯಾಯಾಲಯವೇ ಕೈಹಾಕಬೇಕಾಯಿತು.

೮

ಈ ತತ್ತ್ವಕ್ಕೆ ಕಾನೂನಿನ ನೆಲೆಯನ್ನು ಒದಗಿಸಿದ ತೀರ್ಪೊಂದು ನಮ್ಮ ನಾಡಿನವರೊಬ್ಬರ ಹೆಸರಿನಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ ಅರ್ಜಿಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಸರ್ಕಾರವು ಅದನ್ನು ಮೊಟಕುಗೊಳಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಈ ಅಳತೆಗೋಲನ್ನು ತುರ್ತು ಸಮಯದಲ್ಲಿಯೂ ಕೆಳಗಿಡಬೇಕಾಗಿಲ್ಲ.

೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಹೊಸ ಕಾಯಿದೆಯೊಂದು ಬಂದಿತು. ಜೀವಕ್ಕೆ ಅಪಾಯವಿರುವ ವೈದ್ಯಕೀಯ ತುರ್ತಿನಲ್ಲಿಯೂ ಸಾಂಕ್ರಾಮಿಕದ ಕಾಲದಲ್ಲಿಯೂ ಚಿಕಿತ್ಸೆಗಾಗಿ ಒಪ್ಪಿಗೆಯಿಲ್ಲದೆ ಮಾಹಿತಿಯನ್ನು ಬಳಸಲು ಅದು ಅವಕಾಶ ಕೊಡುತ್ತದೆ. ಇದು ಯುಕ್ತವೇ ಸರಿ. ಆದರೆ ಅದೇ ಕಾಯಿದೆಯು ೨೦೦೫ರ ಮಾಹಿತಿ ಹಕ್ಕು ಕಾಯಿದೆಯ ಎಂಟನೆಯ ವಿಧಿಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ಅಧಿಕಾರವನ್ನು ವಿಸ್ತರಿಸಿತು. ಸಾರ್ವಜನಿಕ ಕಾರ್ಯಕ್ಕೆ ಸಂಬಂಧವಿಲ್ಲದ ಮಾಹಿತಿ ಎಂದು ಮೊದಲು ಇದ್ದ ಮಿತಿ ಆ ಉಪವಿಧಿಯಿಂದ ಬಿದ್ದುಹೋಯಿತು. ಸಾರ್ವಜನಿಕ ಹಿತ ಮಿಗಿಲೆನಿಸಿದಾಗ ಮಾಹಿತಿ ಕೊಡಬಹುದೆಂಬ ಸಾಮಾನ್ಯ ನಿಯಮವೇನೋ ಅದೇ ವಿಧಿಯ ಬೇರೊಂದು ಭಾಗದಲ್ಲಿ ಉಳಿದಿದೆ. ಆದರೂ ಆ ರಾತ್ರಿ ಕರ್ತವ್ಯದಲ್ಲಿದ್ದವರು ಯಾರು ಎಂಬ ಪ್ರಶ್ನೆಗೆ, ಅದು ವೈಯಕ್ತಿಕ ಮಾಹಿತಿ ಎಂದು ಉತ್ತರ ಬರುವ ಸಂಭವವನ್ನು ಅಲ್ಲಗಳೆಯಲಾಗದು. ಹಾಗಾದರೆ ಗೋಪ್ಯತೆಯು ರೋಗಿಯ ಕವಚವಾಗುವ ಬದಲು ಕಚೇರಿಯ ಕವಚವಾಗುತ್ತದೆ.

ವ್ಯಕ್ತಿಯ ಸಂಗತಿಯನ್ನೂ ಸಂಸ್ಥೆಯ ಸಂಗತಿಯನ್ನೂ ಸದಾ ಬೇರ್ಪಡಿಸಲು ಬರುತ್ತದೆಯೇ ಎಂದು ವಾಚಕರು ಕೇಳಬಹುದು. ಸಣ್ಣ ಊರಿನಲ್ಲಿ ಒಂದು ದಿನಾಂಕ, ಒಂದು ವಯಸ್ಸು ಹೇಳಿದರೆ ಸಾಕು, ಹೆಸರು ಹೇಳದಿದ್ದರೂ ಜನರಿಗೆ ಗೊತ್ತಾಗುತ್ತದೆ. ಇದು ನಿಜವಾದ ತೊಡಕು. ಅಂಥಲ್ಲಿ ವಿವರವನ್ನು ತಿಂಗಳಿಗೋ ತಾಲ್ಲೂಕಿಗೋ ಒಟ್ಟುಗೂಡಿಸಿ ಹೇಳಬಹುದು. ಪೂರ್ಣ ದಾಖಲೆಯನ್ನು ಸ್ವತಂತ್ರವಾದ ವಿಚಾರಣಾ ಸಮಿತ‌ಿಗೆ ಮಾತ್ರ ಒಪ್ಪಿಸಬಹುದು. ಮತ್ತೆ ಕೆಲವೊಮ್ಮೆ ರೋಗಿಯೇ, ಅಥವಾ ಸತ್ತವನ ಮನೆಯವರೇ, ಹೆಸರು ಹೇಳಿ ನ್ಯಾಯ ಕೇಳಲು ಮುಂದೆ ಬರುತ್ತಾರೆ. ಆಗ ಅವರ ಗೋಪ್ಯತೆಯನ್ನು ಕಾಪಾಡುವ ನೆಪದಲ್ಲಿ ಆಸ್ಪತ್ರೆ ಬಾಯಿ ಮುಚ್ಚಿಕೊಳ್ಳುವಂತಿಲ್ಲ. ಮುಸುಕು ಯಾರದೋ ಅದನ್ನು ತೆಗೆಯುವ ಅಧಿಕಾರವೂ ಅವರದೇ.

೯

ಕೊನೆಯದಾಗಿ, ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ಒಂದು ಮಾತು. ಪ್ಲೇಗಿನ ಇತಿಹಾಸವನ್ನು ಇಂದು ನಾವು ಬರೆಯಲು ಸಾಧ್ಯವಾಗಿರುವುದು ಆಗಿನ ವರದಿಗಳು, ಪತ್ರವ್ಯವಹಾರಗಳು, ವಾರದ ಮರಣದ ಲೆಕ್ಕಗಳು ಪತ್ರಾಗಾರಗಳಲ್ಲಿ ಉಳಿದಿರುವುದರಿಂದ. ೨೦೦೨ರ ನಿಯಮಾವಳಿಯು ಒಳರೋಗಿಗಳ ದಾಖಲೆಯನ್ನು ವೈದ್ಯರು ಕಡಮೆಯೆಂದರೆ ಮೂರು ವರ್ಷ ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ೨೦೨೦ ಮತ್ತು ೨೦೨೧ರ ಚಿಕಿತ್ಸೆಗಳಿಗೆ ಆ ಅವಧಿ ಆಗಲೇ ಕಳೆದಿದೆ. ರೋಗಿಗಳ ಚೀಟಿಗಳ ಜೊತೆಯಲ್ಲಿ ಆಮ್ಲಜನಕದ ವಹಿ, ಆಂಬ್ಯುಲೆನ್ಸಿನ ವಹಿ, ಕರ್ತವ್ಯದ ಪಟ್ಟಿ, ಹಾಸಿಗೆಗಳ ಲೆಕ್ಕ ಇವೂ ರದ್ದಿಗೆ ಹೋದರೆ, ಮುಂದಿನ ತಲೆಮಾರಿನವರಿಗೆ ಆ ಎರಡು ವರ್ಷಗಳ ಬಗ್ಗೆ ವದಂತಿ ಮತ್ತು ಸರ್ಕಾರಿ ಹೇಳಿಕೆ ಎರಡೇ ಉಳಿಯುತ್ತವೆ.

ಆದುದರಿಂದ ತಮ್ಮ ಜಿಲ್ಲೆಯ ಆರೋಗ್ಯದ ಇತಿಹಾಸವನ್ನು ಅಭ್ಯಾಸ ಮಾಡುವವರು ಎರಡು ಕೆಲಸಗಳನ್ನು ಮಾಡಬಹುದೆಂದು ನಮ್ಮ ಸೂಚನೆ. ಮೊದಲನೆಯದು, ಸಂಸ್ಥೆಯ ವಹಿಗಳನ್ನು ರೋಗಿಗಳ ಚೀಟಿಗಳಿಂದ ಬೇರ್ಪಡಿಸಿ, ಅವನ್ನು ಜಿಲ್ಲಾ ಅಥವಾ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸುವಂತೆ ಆಸ್ಪತ್ರೆಗಳನ್ನು ಕೇಳಿಕೊಳ್ಳುವುದು. ಎರಡನೆಯದು, ಸಂದರ್ಶನಗಳಲ್ಲಿ ರೋಗಿಗಳೂ ಅವರ ಬಂಧುಗಳೂ ಹೇಳಿದುದನ್ನು ಬರೆದುಕೊಳ್ಳುವಾಗ ಅವರ ಒಪ್ಪಿಗೆಯಿಲ್ಲದೆ ಹೆಸರನ್ನೂ ಗುರುತನ್ನೂ ಬರೆಯದಿರುವುದು, ಆದರೆ ಗಂಟೆ, ದಿನ, ಸ್ಥಳ, ಕೊರತೆಗಳನ್ನು ಬಿಡದೆ ಬರೆಯುವುದು. ಚರಕನ ಶಿಷ್ಯನು ಮನೆಯ ಸಮಾಚಾರವನ್ನು ಹೊರಗೆ ಒಯ್ಯಬಾರದಾಗಿತ್ತು. ಆಸ್ಪತ್ರೆಯ ಉಗ್ರಾಣದಲ್ಲಿ ಔಷಧವಿರಲಿಲ್ಲವೆಂಬ ಸಮಾಚಾರ ಆ ಮನೆಗೆ ಸೇರಿದುದಲ್ಲ. ಅದು ಊರಿಗೆ ಸೇರಿದುದು.